ಕಳೆಯುವ ಲೆಕ್ಕ

ಸೊಹಾರಿನ ಮೀನು ಮಾರ್ಕೆಟ್ಟಿನ ಹಿಂದೆ ನನ್ನ ಟೈಪಿಂಗ್ ಅಂಗಡಿ.
ಅರ್ಜಿಗೆ ಒಂದು ರಿಯಾಲು; ಅಳುವವರಿಗೆ ಪುಕ್ಕಟೆ.
ಐತಪ್ಪ ಬಂದದ್ದು ಅಸರ್ ಬಾಂಗಿನ ಹೊತ್ತಿಗೆ,
ಬಲಗೈ ಪ್ಯಾಂಟಿನ ಜೇಬಲ್ಲಿ,
ಏನೋ ಕದ್ದು ತಂದವನ ಹಾಗೆ.

ಸರಳು ಬಗ್ಗಿಸುವ ಯಂತ್ರ.
ನಡುಬೆರಳು, ಉಂಗುರಬೆರಳು, ಕಿರುಬೆರಳಿನ ತುದಿಗೆಣ್ಣು.
"ಪುಣ್ಯಕ್ಕೆ ಉಂಗುರ ಅಡವಿತ್ತು" ಅಂದ.
ನಗಬೇಕೋ ಬೇಡವೋ ತಿಳಿಯದೆ
ಕೀಲಿಮಣೆಯ ಧೂಳು ಊದಿದೆ.

ಕಂಪನಿಯ ಕಾಗದ ಓದಿ ಹೇಳಿದೆ:
ಇಷ್ಟು ಬೆರಳಿಗೆ ಇಷ್ಟು ಶೇಕಡಾ,
ಇಷ್ಟು ಶೇಕಡಾಕ್ಕೆ ಇಷ್ಟು ದುಡ್ಡು. ಸರಿ.
ಅದರಲ್ಲಿ, ನೀನು ಕ್ಯಾಂಪಿನಲ್ಲಿ ಮಲಗಿದ್ದಾಗ
ಕೊಟ್ಟ ಅರ್ಧ ಸಂಬಳ ಕಳೆಯಬೇಕಂತೆ.
ಎಷ್ಟು ತಿಂಗಳು?

ಕೈ ಹೊರಗೆ ಬಂತು.
ಹೆಬ್ಬೆರಳು ಹಳೇ ರೂಢಿಯಲ್ಲೇ ಗೆಣ್ಣು ಹಿಡಿದು ಹೊರಟಿತು:
ತೋರುಬೆರಳಲ್ಲಿ ಮಾರ್ಚಿ, ಏಪ್ರಿಲ್, ಮೇ.
ಜೂನಿಗೆ ನೆಲ ಇರಲಿಲ್ಲ.
ಗಾಳಿಯಲ್ಲಿ ಒಮ್ಮೆ ತಡಕಾಡಿ,
ಕಿರುಬೆರಳಿಗೆ ಹಾರಿ, ಎರಡು ಗೆಣ್ಣು ಮುಟ್ಟಿ
"ಐದು" ಅಂದ.
ಆಮೇಲೆ, "ಅಲ್ಲಲ್ಲ."
ಎಡಗೈಯಲ್ಲಿ ಮೊದಲಿಂದ ಶುರುಮಾಡಿದ,
ಒಂದನೇ ಕ್ಲಾಸಿನ ಹುಡುಗನಂತೆ, ತುಟಿಯಾಡಿಸುತ್ತ.

ಊರಲ್ಲಿ ತಂಗಿ ಕಮಲಾಕ್ಷಿ ತಾಲೂಕು ಕಚೇರಿಗೆ
ಮೂರು ಸಲ ಹೋಗಿದ್ದಾಳೆ, ಅಂಗವಿಕಲರ ಪಿಂಚಣಿ ಕೇಳಿ.
ಗುಮಾಸ್ತರು ಹೇಳಿದರಂತೆ:
ಗಲ್ಫಿನ ಪರಿಹಾರ ಬಂದರೆ ಅದು ಆದಾಯ.
ಬಾರದಿದ್ದರೆ, ಬಾರಲಿಲ್ಲ ಎಂಬ ಪತ್ರ ತನ್ನಿ.
ಇಲ್ಲಿ ಕಂಪನಿಯ ಮಂದೂಬ್ ಕೇಳುತ್ತಾನೆ:
ನಿಮ್ಮ ಸರಕಾರ ಏನಾದರೂ ಕೊಡುತ್ತದೆಯೋ? ಅದನ್ನೂ ಬರೆಸು.

"ಉಂಡು ಬಂದಿರಲ್ಲ ಅಲ್ಲಿ?" ಅನ್ನುತ್ತದೆ ಈ ಮನೆ.
"ಉಂಡೇ ಬಂದಿರಬೇಕು" ಅನ್ನುತ್ತದೆ ಆ ಮನೆ.
ಎರಡೂ ಒಲೆಯ ಮೇಲೆ ಪಾತ್ರೆ ಮುಚ್ಚಿಯೇ ಇದೆ.
ನೆಂಟನ ಹೊಟ್ಟೆಯ ಸದ್ದು
ನಡುವೆ ಇರುವ ಸಮುದ್ರಕ್ಕೆ ಮಾತ್ರ ಕೇಳಿಸೀತು.

ಅರಬಿಯಲ್ಲಿ ಬೆರಳಿಗೊಂದು ಪದ, ಹಣಕ್ಕೊಂದು ಪದ.
ಕನ್ನಡದಲ್ಲಿ ಯೋಚಿಸಿದರೆ ಎಲ್ಲದಕ್ಕೂ ಒಂದೇ ಸಿಗುತ್ತದೆ:
ಕಳೆದ ಬೆರಳು, ಕಳೆದ ಸಂಬಳ, ಕಳೆದ ಆರು ತಿಂಗಳು.
ಎಲ್ಲಿ ಯಾವುದನ್ನು ಹಾಕಿದೆನೋ, ಎರಡು ಸಲ ತಿದ್ದಿದೆ.

ಸಹಿಯ ಜಾಗದಲ್ಲಿ ಪೆನ್ನು ಜಾರಿತು.
ಹೆಬ್ಬೆಟ್ಟೂ ನಡೆಯುತ್ತದೆ ಎಂದೆ.
"ಒಂಬತ್ತನೇ ಕ್ಲಾಸು ಓದಿದ್ದೇನೆ ಮಾರಾಯ್ರೆ"
ಎಂದು ಎಡಗೈಯಲ್ಲಿ ಬರೆದ:
ಐ ದೊಡ್ಡದು, ತ ಇನ್ನೂ ದೊಡ್ಡದು,
ಪ್ಪ ಗೆರೆ ದಾಟಿ ಕಂಪನಿಯ ಮೊಹರಿನ ಮೇಲೆ ಕೂತಿತು.

ದುಡ್ಡು ಬೇಡ ಅಂದೆ.
ಬೋರ್ಡನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ
ಮಡಿಸಿದ ರಿಯಾಲು ಕೀಲಿಮಣೆಯ ಮೇಲಿಟ್ಟ:
"ನಾನು ಅತ್ತಿಲ್ಲವಲ್ಲ."