ರಾಗಿದ್ವೇಷವಿಲ್ಲದೆ

ಮದ್ದೂರು ತಾಲ್ಲೂಕು, ಕೊಪ್ಪದ ಕಡೆಯ ನಮ್ಮ ಪಂಚಾಯ್ತಿ.
ದ್ಯಾವಾಜಮ್ಮ ಎದ್ದು ನಿಂತು, ಕನ್ನಡಕವಿಲ್ಲದೆ,
'ರಾಗದ್ವೇಷವಿಲ್ಲದೆ' ಎಂದಿದ್ದಲ್ಲಿ
'ರಾಗಿದ್ವೇಷವಿಲ್ಲದೆ' ಎಂದು ಓದಿಬಿಟ್ಟಳು.

ಅಧಿಕಾರಿ ಕೆಮ್ಮಿದರು. ನಾವು ನಕ್ಕೆವು.
ಸೋತ ಬೋರಲಿಂಗೇಗೌಡರು ಮಾತ್ರ ನಗಲಿಲ್ಲ.
ತಾಲ್ಲೂಕಿಗೆ ಅರ್ಜಿ ಹೋಯಿತು:
ಪ್ರಮಾಣವೇ ತಪ್ಪಿದ ಮೇಲೆ ಪೀಠ ಎಲ್ಲಿಯದು?

ಹನ್ನೊಂದನೆಯ ದಿನ ಮತ್ತೆ ಓದಿಸಿದರು,
ಬೆರಳಿಟ್ಟು, ಒಂದೊಂದೇ ಅಕ್ಷರ,
ಕೂಸಿಗೆ ತುತ್ತಿಟ್ಟ ಹಾಗೆ.

ನಾನು ನೀರುಗಂಟಿ. ಕಾನೂನು ತಿಳಿಯದು.
ಆದರೆ ನಡುವಿನ ಆ ಹತ್ತು ದಿನದಲ್ಲೇ
ಅವಳು ರುಜು ಹಾಕಿದ್ದು,
ಕಾಲೊನಿಯ ಪೈಪಿಗೆ ನಾನು ವಾಲ್ವು ಕೂರಿಸಿದ್ದು.
ಮೊದಲಿನವರೆಲ್ಲ ತಡವರಿಸದೆ ಓದಿದವರೇ,
ಗಂಟೆ ಬಾರಿಸಿದಂಥ ಕಂಠ.
ಅದೇ ಪೈಪು ಹದಿನಾರು ವರ್ಷ
ಗಾಳಿ ಉಗುಳಿತ್ತು.

ಗೌಡರು ಈಗಲೂ ಹಾಲಿನ ಡೇರಿ ಮುಂದೆ ಕೇಳುತ್ತಾರೆ:
ಆ ಹತ್ತು ದಿನದ ರುಜು ಸಿಂಧುವೋ, ಅಸಿಂಧುವೋ?
ಸ್ವಾಮಿ, ಅಸಿಂಧುವಾದರೆ ಹೇಳಿ,
ಕುಡಿದು ಮುಗಿದ ನೀರನ್ನು
ಯಾವ ಕೊಡದಲ್ಲಿ ವಾಪಸ್ ತುಂಬಲಿ?

ಅವಳನ್ನೂ ಕೇಳಿದೆ ಒಮ್ಮೆ.
ಮುದ್ದೆ ತೊಳಸುತ್ತಿದ್ದಳು, ಕೋಲು ನಿಲ್ಲಿಸಲಿಲ್ಲ.
'ಎಲ್ಡ್ನೇ ಸಲ ಏನೋದ್ನೋ ಕಾಣೆ ಕನಪ್ಪ,
ಬಾಯಿಗೆ ಬರಾದು ಮೊದಲ್ನೇದೇಯ.'