ತಲೆ ಎಣಿಕೆ

ಬೆಳಗ್ಗೆ ಏಳಕ್ಕೆ ಸಿಡ್ನಿ ಬಿಡುತ್ತದೆ ನನ್ನ ಬಸ್ಸು.
ಇಪ್ಪತ್ಮೂರು ತಲೆ, ಎರಡು ಊರುಗೋಲು,
ಮಡಚುವ ಗಾಲಿಕುರ್ಚಿ ಒಂದು.
ಬುಧವಾರ ಬಹುಪಾಲು ನಿವೃತ್ತರು,
ಕಸೂತಿ ಸಂಘದವರು, ಚರ್ಚಿನಲ್ಲಿ ಹಾಡುವವರು,
ತೀರಿಕೊಂಡ ಗಂಡನ ದುರ್ಬೀನು ಕೊರಳಿಗೆ ಹಾಕಿಕೊಂಡವರು.

ಎರಡು ಗಂಟೆಯ ಏರು. ಎದುರಿಗೆ ಆ ನೀಲಿ.
ಎಲ್ಲರೂ ಅದೇ ತಿರುವಿನಲ್ಲಿ 'ಅಯ್ಯೋ, ಅಲ್ಲಿ ನೋಡಿ' ಅನ್ನುತ್ತಾರೆ.
ಆ ತಿರುವಿನಲ್ಲಿ ನನಗೆ ಗೇರು ಬದಲಿಸುವುದಿರುತ್ತದೆ.

ಹತ್ತೂವರೆಗೆ ಡಲ್ಸಿ ಟ್ರೆಲೋರಳ ಚಹಾಮನೆ.
ತಗಡಿನ ಮಾಡು, ಕಿಟಕಿಗೆ ಲೇಸಿನ ಪರದೆ,
ಉಣ್ಣೆಯ ಕುಲಾವಿ ತೊಟ್ಟ ಕೆಟಲುಗಳು
ಶಾಲೆಗೆ ಹೊರಟ ಮಕ್ಕಳಂತೆ ಸಾಲಾಗಿ.
ಬಿಸಿ ಸ್ಕೋನಿನ ಮೇಲೆ ಮೊದಲು ಜಾಮೋ ಕೆನೆಯೋ,
ಇಪ್ಪತ್ತೆರಡು ವರ್ಷದಿಂದ ಇತ್ಯರ್ಥವಾಗದ ವ್ಯಾಜ್ಯ.
ನನಗೆ ಅಡುಗೆಮನೆಯ ಬಾಗಿಲಲ್ಲಿ ಹಾಲಿಲ್ಲದ ಚಹಾ, ಪುಕ್ಕಟೆ.
'ಜ್ವೊಂಕೊ, ಇವತ್ತು ಎಷ್ಟು?'
'ಇಪ್ಪತ್ಮೂರು.'
ನಮ್ಮಿಬ್ಬರ ಗೆಳೆತನದ ಮಾತೆಲ್ಲ ಅಷ್ಟೇ.

ಆಮೇಲೆ ಅವರು ನಡೆಯಲು ಹೋಗುತ್ತಾರೆ,
ಬಂಡೆಯಂಚಿನ ಕಾಲುದಾರಿ, ಜಲಪಾತದ ತನಕ, ಒಂದೂವರೆ ಗಂಟೆ.
ನಾನು ಬಸ್ಸಿನ ನೆರಳಲ್ಲಿ ಪದಬಂಧ ಬಿಡಿಸುತ್ತೇನೆ.
ಮರಳುವಾಗ ತರುತ್ತಾರೆ ಬೂಟಿನಡಿ ಹಳದಿ ಮರಳು,
ತೋಳಿಗಂಟಿದ ಎಲೆ, ಜಿಗಣೆ ಕಚ್ಚಿಸಿಕೊಂಡ ಹೆಮ್ಮೆ.
ರಾತ್ರಿ ಡಿಪೋದಲ್ಲಿ ಅದನ್ನೆಲ್ಲ ಗುಡಿಸುತ್ತೇನೆ.
ಲೆಕ್ಕ ಹಾಕಿದರೆ ಇಷ್ಟು ಹೊತ್ತಿಗೆ
ಒಂದು ಸಣ್ಣ ದಿಬ್ಬವನ್ನೇ ಪಟ್ಟಣಕ್ಕೆ ಸಾಗಿಸಿದ್ದೇನೆ.
ಜಲಪಾತ ನೋಡಿಲ್ಲ.
ನೋಡಬಾರದೆಂದಲ್ಲ. ಮಂಡಿನೋವು.
ಮತ್ತೆ, ಬಸ್ಸು ಕಾಯುವವರು ಯಾರು?

ಕಳೆದ ಬುಧವಾರ ಎಣಿಸಿದರೆ ಇಪ್ಪತ್ತೆರಡು.
ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೆರಡು.
ಏಳನೇ ಸಾಲು, ಕಿಟಕಿ ಪಕ್ಕ, ಮರ್ಲ್ ಹಾಸ್ಕಿನ್ಸ್
ಇರಲಿಲ್ಲ. ಅವಳ ಕೊಡೆ ಇತ್ತು.
ಉಳಿದವರು ಕೈಗಡಿಯಾರ ನೋಡಿದರು, ಆಮೇಲೆ ನನ್ನನ್ನು.

ಹೊರಟೆ. ಕಲ್ಲಿನ ಮೆಟ್ಟಿಲು, ಕಬ್ಬಿಣದ ಕಂಬಿ.
ಮೊದಲು ಬೈಗುಳ, ಆಮೇಲೆ ಏದುಸಿರು,
ಆಮೇಲೆ ಅದೂ ಇಲ್ಲ, ಬರೀ ಮರ.
ತೊಗಟೆ ಸುಲಿದು ಉದ್ದುದ್ದ ಜೋತುಬಿದ್ದ ನೀಲಗಿರಿ,
ಗಾಳಿಯ ತುಂಬ, ಸಮುದ್ರದಾಚೆ ಅಮ್ಮ
ನನ್ನ ಎದೆಗೆ ತಿಕ್ಕುತ್ತಿದ್ದ ಮುಲಾಮಿನ ಘಾಟು.
ಪೊದೆಯೊಳಗಿಂದ ಒಂದು ಹಕ್ಕಿ
ಬಸ್ಸು ಹಿಮ್ಮುಖ ಬರುವಾಗಿನ ಪೀಂ ಪೀಂ ಪೀಂ
ತಪ್ಪಿಲ್ಲದೆ ಒಪ್ಪಿಸಿತು.
ಗಾಬರಿಬಿದ್ದು ಪಕ್ಕಕ್ಕೆ ಸರಿದೆ,
ನಟ್ಟಡವಿಯಲ್ಲಿ, ನನ್ನದೇ ಬಸ್ಸಿಗೆ ದಾರಿ ಬಿಟ್ಟು.

ಬೆಂಚಿನ ಮೇಲೆ ಕೂತಿದ್ದಳು. ಕರವಸ್ತ್ರದಲ್ಲಿ ಅರ್ಧ ಸ್ಕೋನು.
ಕಾಲು ಉಳುಕಿಲ್ಲ, ದಾರಿ ತಪ್ಪಿಲ್ಲ, ಅತ್ತ ಗುರುತಿಲ್ಲ.
'ನೀಲಿ ಹುಡುಕುತ್ತಿದ್ದೆ,' ಅಂದಳು, 'ಇಲ್ಲಿಲ್ಲ.
ಇಲ್ಲೆಲ್ಲ ಹಸಿರು, ಬೂದಿ, ತುಕ್ಕು.
ಅಗೋ, ಕಣಿವೆಯಾಚೆ ಹೋಗಿ ಕೂತಿದೆ.
ಅಲ್ಲಿಗೆ ಹೋದರೆ ಈ ಬೆಂಚಿಗೆ ಬಂದು ಕೂರುತ್ತದೆ, ನೋಡುತ್ತಿರಿ.'

ದೂರದ ಬೆಟ್ಟ ನುಣ್ಣಗೆ, ಸರಿ.
ಬುಡದಲ್ಲೇ ಗಾಡಿ ನಿಲ್ಲಿಸಿಕೊಂಡು
ದೂರ ಮಾಡಿಕೊಂಡ ಬೆಟ್ಟಕ್ಕೆ ಯಾವ ಗಾದೆ?

ಜಲಪಾತ ಅನ್ನುವುದು ಬಂಡೆಯ ಮೇಲೊಂದು ಒದ್ದೆ ಗೆರೆ.
ಈ ವರ್ಷ ಮಳೆ ಕಡಿಮೆ.
'ಇಷ್ಟೇನಾ?'
'ಇಷ್ಟೇ,' ಅಂದು ಅರ್ಧದಲ್ಲಿ ಅರ್ಧ ಮುರಿದು ಕೊಟ್ಟಳು.
ಜಾಮು ಮೇಲೋ ಕೆನೆ ಮೇಲೋ,
ಬಟ್ಟೆಗಂಟಿ ಎರಡೂ ರಾಜಿಯಾಗಿದ್ದವು.
ತಿಂದು ಮುಗಿದ ಮೇಲೂ ಕೂತೆವು.
ಕೆಳಗೆ ಇಪ್ಪತ್ತೆರಡು ಜನ. ಯಾರೋ ಹಾರನ್ನು ಒತ್ತಿದರು.
ಅಥವಾ ಆ ಹಕ್ಕಿ.

ಆ ದಿನದ ವರದಿಯಲ್ಲಿ ಬರೆದೆ:
ನಲವತ್ತು ನಿಮಿಷ ತಡ. ಕಾರಣ, ಮಂಜು.
ಅಂಥ ರಣಬಿಸಿಲಿನಲ್ಲಿ.
ಕಂಪನಿಯವರು ಸಹಿ ಹಾಕಿದರು.
ಬೆಟ್ಟದ ಬಗ್ಗೆ ಏನು ಹೇಳಿದರೂ
ಕೆಳಗಿನವರು ನಂಬುತ್ತಾರೆ.