ಎರಡನೇ ಮಹಡಿಯ ಕುರ್ಚಿ

ಎಪ್ಪತ್ತೆರಡು ಮೆಟ್ಟಿಲು.
ನಾನು ಎಣಿಸಿದ್ದಲ್ಲ, ನನ್ನ ಎಡಮಂಡಿ ಎಣಿಸಿದ್ದು.
ಹಾಲು, ಬ್ರೆಡ್ಡು, ಮಾತ್ರೆ, ಡೈಪರಿನ ಕಟ್ಟು,
ಮೇಲೆ ಕೆಳಗೆ, ಕೆಳಗೆ ಮೇಲೆ
ಲಾಳಿಯ ಹಾಗೆ ಓಡಿ ಹದಿನಾಲ್ಕು ತಿಂಗಳಾಯಿತು.
ನೇಯ್ದದ್ದೇನು ಅಂತ ಮಾತ್ರ ಕೇಳಬೇಡಿ.

ಅಮ್ಮ ಗೆನೊವೆಫಾ. ಎಂಬತ್ತೊಂಬತ್ತು.
ವುಚ್ ನಗರದ ಹತ್ತಿಗಿರಣಿಯಲ್ಲಿ ಮೂವತ್ತೊಂದು ವರ್ಷ
ಕಡಿದ ಎಳೆಗೆ ಗಂಟು ಹಾಕಿದವಳು.
ಗಿರಣಿಯಲ್ಲಿ ಈಗ ಸಿನಿಮಾ, ಐಸ್‌ಕ್ರೀಮು, ಚಪ್ಪಲಿ ಅಂಗಡಿ.
ಅವಳ ನಾಲಿಗೆಗೆ ನನ್ನ ಹೆಸರು ಒಮ್ಮೊಮ್ಮೆ ಸಿಗುವುದಿಲ್ಲ,
ಬೆರಳಿಗೆ ಗಂಟು ಇನ್ನೂ ಸಿಗುತ್ತದೆ.
ಹೊದಿಕೆಯ ಅಂಚು, ಪರದೆಯ ದಾರ, ನನ್ನ ಶಾಲಿನ ಕುಚ್ಚು,
ಸಿಕ್ಕಿದ್ದಕ್ಕೆಲ್ಲ ಗಂಟು.

ನಾಲ್ಕನೇ ಮಹಡಿ. ಲಿಫ್ಟಿಲ್ಲ.
ಕಟ್ಟುವಾಗ ಎಲ್ಲರೂ ಎಳೆಯರೇ ಇದ್ದರಂತೆ,
ಮುಪ್ಪನ್ನು ಯಾರೂ ನಕ್ಷೆಯಲ್ಲಿ ಬರೆದಿರಲಿಲ್ಲ.

ಫೋನು ಮಾಡಿದವರೆಲ್ಲ ಕೇಳುತ್ತಾರೆ, ಅಮ್ಮ ಹೇಗಿದ್ದಾರೆ?
ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಗುರುವಾರ ಸಂಜೆ,
ಆರೈಕೆಯವರು ಎಂಟು ಜನ, ಒಂದು ಬಿಸ್ಕತ್ತಿನ ಡಬ್ಬ.
ಮೂರನೇ ಮಹಡಿಯ ಝೆನೋನ್ ಕೇಳಿದ:
‘ಲುತ್ಸಿನಾ, ನೀನು ಕೂತು ಉಂಡದ್ದು ಯಾವಾಗ?’
ಅವನ ಹೆಂಡತಿಗೆ ಬಲಭಾಗ ಬಿದ್ದುಹೋಗಿ ಆರು ವರ್ಷ.
ಅವನು ಸಿಂಕಿನ ಪಕ್ಕ ನಿಂತೇ ಉಣ್ಣುವುದಂತೆ.
ನಾನೂ, ಅಂದೆ. ನಾನೂ, ಅಂದರು ಇನ್ನಿಬ್ಬರು.
ನಾವು ನಕ್ಕ ಜೋರಿಗೆ
ಗ್ರಂಥಪಾಲಕಿ ಗಾಬರಿಯಾಗಿ ಇಳಿದು ಬಂದಳು.

ಲಿಫ್ಟು ಕೇಳಿ ಹನ್ನೊಂದು ಅರ್ಜಿ ಹಾಕಿದ್ದೆವು.
‘ಏರುವುದಿರಲಿ, ಕೂರುವುದಕ್ಕಾದರೂ ಜಾಗ ಬೇಕಲ್ಲ’
ಅಂದವನೇ ಝೆನೋನ್ ಮರುದಿನ
ಮೆಟ್ಟಿಲ ತಿರುವಿನಲ್ಲಿ ತನ್ನ ಸ್ಟೂಲು ಇಟ್ಟ.
ಒಂದನೇ ಮಹಡಿಯಿಂದ ಬೆತ್ತದ್ದೊಂದು ಬಂತು, ಕಾಲು ಸಡಿಲ.
ಎರಡನೇ ಮಹಡಿಯ ಲೆಸ್ಯಾ ಹಾರ್ಕಿವ್‌ನಿಂದ ಓಡಿ ಬಂದವಳು,
ಅವಳ ಅಡುಗೆಮನೆಯಲ್ಲಿದ್ದದ್ದೇ ಎರಡು ಕುರ್ಚಿ.
ಒಂದನ್ನು ಹೊರಗಿಟ್ಟಳು, ದಿಂಬಿನ ಸಮೇತ.

ಮೂರು ವಾರಕ್ಕೆ ನೋಟೀಸು:
ಬೆಂಕಿ ಬಿದ್ದರೆ ಅಡ್ಡಿ, ಕುರ್ಚಿಗಳನ್ನು ತೆಗೆಯತಕ್ಕದ್ದು.

ವಸತಿ ಸಂಘದ ಸಭೆಯಲ್ಲಿ ನನಗೆ ಮೂರು ನಿಮಿಷ.
ಬರೆದು ತಂದ ಹಾಳೆಯಲ್ಲಿ ಕಾನೂನಿನ ಕಲಮುಗಳಿದ್ದವು,
ಕನ್ನಡಕ ಮನೆಯಲ್ಲಿ ಉಳಿದಿತ್ತು.
ಬೆಂಕಿ ಬಿದ್ದರೆ, ಅಂದೆ,
ನನ್ನ ಅಮ್ಮ ಇಳಿಯುವುದು ಹೇಗೆ ಅಂತ
ನಿಮ್ಮ ನಿಯಮದಲ್ಲಿ ಎಲ್ಲಿದೆ ತೋರಿಸಿ.
ಹುಡುಕಿದರು. ಪಾಪ, ನಿಜವಾಗಿಯೂ ಹುಡುಕಿದರು.
ವಕೀಲ ಪುಟ ತಿರುವುತ್ತಲೇ ಇದ್ದ,
ನನ್ನ ಎರಡು ನಿಮಿಷ ಹಾಗೇ ಉಳಿಯಿತು.
ಆ ಎರಡು ನಿಮಿಷ ಕೂತುಕೊಂಡೆ.

ಐದು ತಿಂಗಳಿಗೆ ಗೋಡೆಗೆ ಮಡಚುವ ಆಸನ ಬಂದವು,
ತಿರುವಿಗೊಂದು. ಮೂರನೆಯದು ಸೊಟ್ಟ.
ಲೆಸ್ಯಾ ತನ್ನ ಕುರ್ಚಿಯನ್ನು ಒಳಗೆ ಒಯ್ದಳು, ದಿಂಬು ಬಿಟ್ಟಳು.
ಲಿಫ್ಟಿನ ಕಡತ ಇನ್ನೂ ಮೆಟ್ಟಿಲು ಹತ್ತುತ್ತಲೇ ಇದೆ,
ಅದಕ್ಕೂ ಮಂಡಿನೋವಿರಬೇಕು.

ಏಪ್ರಿಲಿನ ಒಂದು ಭಾನುವಾರ ಅಮ್ಮನನ್ನು ಹೊರಡಿಸಿದೆವು,
ಮುಂದೆ ಝೆನೋನ್, ಹಿಂದೆ ನಾನು,
ಕೈಯಲ್ಲಿ ಅವಳ ಟೋಪಿ, ಇನ್ನೊಂದು ಕೈಯಲ್ಲಿ ಅವಳು.
ಮೂರನೇ ಮಹಡಿ. ಕೂತಳು. ಎದ್ದಳು.
ಎರಡನೇ ಮಹಡಿ. ಕೂತಳು.
ಲೆಸ್ಯಾ ಗಾಜಿನ ಲೋಟದಲ್ಲಿ ನಿಂಬೆ ಹಾಕಿದ ಚಹಾ ತಂದಳು.
ಕೆಳಗೆ ಬಾಗಿಲು ತೆರೆದೇ ಇತ್ತು,
ಟ್ರಾಮು ತಿರುಗುವ ಸದ್ದು ಮೆಟ್ಟಿಲು ಹತ್ತಿ ಬಂತು.
ಅಮ್ಮ ಕಿವಿಗೊಟ್ಟು ಕೇಳಿದಳು, ‘ಪಾಳಿ ಮುಗಿಯಿತಾ?’
ಮುಗಿಯಿತು ಅಂದ ಝೆನೋನ್.
ಹಾಗಾದರೆ ಏಳುವುದೇಕೆ ಎಂಬಂತೆ
ಅವಳು ಇನ್ನೂ ಚೆನ್ನಾಗಿ ಕೂತಳು.

ಎಪ್ಪತ್ತೆರಡರಲ್ಲಿ ಮೂವತ್ತಾರು.
ನಾವು ಮೆಟ್ಟಿಲ ಮೇಲೆಯೇ ಕೂತು ತಿಂದೆವು,
ಲೆಸ್ಯಾ ಬೇಯಿಸಿದ ಆಲೂಗಡ್ಡೆ, ಉಪ್ಪು.
ಏಳಬೇಕೆಂದಾಗಲೇ ಗೊತ್ತಾದದ್ದು:
ನನ್ನ ಶಾಲಿನ ಕುಚ್ಚು, ಲೆಸ್ಯಾಳ ಏಪ್ರನ್ನಿನ ದಾರ,
ಝೆನೋನನ ಕೋಟಿನಿಂದ ಇಳಿಬಿದ್ದ ಒಂದು ನೂಲು,
ಮೂರಕ್ಕೂ ಸೇರಿಸಿ ಗಂಟು.
ಗಿರಣಿಯ ಗಂಟು, ಎಳೆದಷ್ಟೂ ಬಿಗಿ.
ಕತ್ತರಿ ಇರುವುದು ನಾಲ್ಕನೇ ಮಹಡಿಯಲ್ಲಿ.
ಯಾರು ಹತ್ತಬೇಕು ಅಂತ
ಬಹಳ ಹೊತ್ತು ಯೋಚಿಸುತ್ತ ಕೂತಿದ್ದೆವು.